ಕೈ ಸೋತ ಕಾಲಕ್ಕೆ ಕೈಯಲ್ಲಿ ಕಾಸು

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು. ಒಂದೇ ಸಭೆಯಲ್ಲಿ ಮುಗಿಸಬೇಕೆಂದಿಲ್ಲ.)



ಕಳೆದ ಮಳೆಗಾಲದಲ್ಲಿ ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯ ಬರೆದುಕೊಂಡದ್ದಾಯಿತು, ಸಾಲದ ಕಂತು ಕಟ್ಟಿದ್ದಾಯಿತು. "ಇವತ್ತು ನಿವೃತ್ತಿಯ ಬಗ್ಗೆ ಮಾತಾಡುವ" ಎಂದೆ. ಎಲ್ಲರೂ ನಕ್ಕರು. ಬೀಡಿ ಕಟ್ಟುವ ಒಬ್ಬ ಅಕ್ಕ, "ನಮಗೆಂತ ರಿಟೈರ್‌ಮೆಂಟ್ ಸಿಸ್ಟರ್? ಅದೆಲ್ಲ ಟೀಚರ್‌ಗಳಿಗೆ, ಬ್ಯಾಂಕಿನವರಿಗೆ. ನಾವು ಸಾಯುವವರೆಗೆ ಕಟ್ಟುದೇ" ಎಂದರು. ಅವರ ಪಕ್ಕದಲ್ಲಿ ಅವರ ಅತ್ತೆ ಕೂತಿದ್ದರು. ಅವರೂ ಮೂವತ್ತು ವರ್ಷಕ್ಕಿಂತ ಹೆಚ್ಚು ಬೀಡಿ ಕಟ್ಟಿದವರೇ. ಈಗ ಕಣ್ಣಿಗೆ ಪೊರೆ ಬಂದಿದೆ, ಬೆರಳು ಮಡಚುವುದಿಲ್ಲ, ಆರು ವರ್ಷದಿಂದ ಒಂದು ಬೀಡಿಯನ್ನೂ ಕಟ್ಟಿಲ್ಲ. ನಾನು ಅವರ ಕಡೆ ನೋಡಿದೆ. ಸೊಸೆಯೂ ನೋಡಿದರು. ನಗು ನಿಂತಿತು.

ನಿವೃತ್ತಿ ನಮಗೂ ಉಂಟು. ಸರ್ಕಾರಿ ನೌಕರರಿಗೆ ಅದರ ದಿನಾಂಕ ಮೊದಲೇ ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ. ಮೊಣಕಾಲು, ಸೊಂಟ, ಕಣ್ಣು ಹೇಳಿದ ದಿನವೇ ನಿವೃತ್ತಿ. ಬೀಡಿ ಕಟ್ಟುವವರಿಗೆ, ತೋಟದ ಕೂಲಿಗೆ ಹೋಗುವವರಿಗೆ, ಮೀನು ಮಾರುವವರಿಗೆ, ಟೈಲರಿಂಗ್ ಮಾಡುವವರಿಗೆ ಅದು ಅರುವತ್ತಕ್ಕೂ ಮೊದಲೇ ಬರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಇನ್ನೊಂದು ಮಾತು: ನಮ್ಮಲ್ಲಿ ಹೆಂಡತಿ ಗಂಡನಿಗಿಂತ ಕಿರಿಯಳು, ಮೇಲಾಗಿ ಹೆಂಗಸರು ಹೆಚ್ಚು ವರ್ಷ ಬದುಕುತ್ತಾರೆ. ಅಂದರೆ ಕೊನೆಯ ಹಲವು ವರ್ಷ ಒಬ್ಬರೇ ಇರುವ ಸಂಭವ ಗಂಡಸರಿಗಿಂತ ನಮಗೇ ಜಾಸ್ತಿ.

(ಕನ್ಯಾಮಠದಲ್ಲಿರುವ ನನಗೆ ಈ ಚಿಂತೆ ಇಲ್ಲ ಎಂದು ನೀವು ಹೇಳಬಹುದು. ನಿಜ, ನಮ್ಮನ್ನು ನಮ್ಮ ಸಭೆ ನೋಡಿಕೊಳ್ಳುತ್ತದೆ. ಆದ್ದರಿಂದಲೇ ನೋಡಿಕೊಳ್ಳುವವರು ಯಾರೆಂದು ಮೊದಲೇ ಗೊತ್ತಿದ್ದರೆ ಎಷ್ಟು ನಿಶ್ಚಿಂತೆ ಎಂಬುದು ನನಗೆ ಗೊತ್ತು.)

"ಮಗ ನೋಡಿಕೊಳ್ತಾನೆ"

ಮುಪ್ಪಿಗೆ ಏನು ಮಾಡಿದ್ದೀರಿ ಎಂದು ಕೇಳಿದರೆ ಸಿಗುವ ಮೊದಲ ಉತ್ತರ ಇದು. ಮಗ ನೋಡಿಕೊಳ್ಳುವುದಿಲ್ಲ ಎಂದು ಹೇಳಲು ನಾನು ಬಂದಿಲ್ಲ. ಬಹಳ ಮಂದಿ ನೋಡಿಕೊಳ್ಳುತ್ತಾರೆ, ಹೆಣ್ಣುಮಕ್ಕಳೂ ನೋಡಿಕೊಳ್ಳುತ್ತಾರೆ. ಆದರೆ ಆ ಮಗನಿಗೂ ಇಬ್ಬರು ಮಕ್ಕಳು, ಶಾಲೆಯ ಫೀಸು, ಬೈಕಿನ ಸಾಲ. ಅವನು ಕೆಟ್ಟವನಾಗಬೇಕಿಲ್ಲ, ಕೆಲಸ ಕಳೆದುಕೊಂಡರೆ ಸಾಕು. ತಿಂಗಳಿಗೆ ಎರಡು ಸಾವಿರ ಸ್ವಂತದ್ದು ಇರುವ ತಾಯಿಗೂ, ಮಾತ್ರೆಗೆ ಐವತ್ತು ರೂಪಾಯಿ ಕೇಳಬೇಕಾದ ತಾಯಿಗೂ ಒಂದೇ ಮನೆಯಲ್ಲಿ ಸಿಗುವ ಸ್ಥಾನ ಬೇರೆ. ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮನೆ ಅಥವಾ ಜಾಗ ನಿಮ್ಮ ಹೆಸರಿನಲ್ಲಿದ್ದರೆ, ಜೀವ ಇರುವಾಗಲೇ ಅದನ್ನು ದಾನಪತ್ರ ಮಾಡಿ ಮಕ್ಕಳಿಗೆ ಬಿಟ್ಟುಕೊಡಲು ಅವಸರ ಮಾಡಬೇಡಿ. ನಮ್ಮ ಒಂದು ಸಂಘದ ಹಿರಿಯ ಸದಸ್ಯೆ, "ಬ್ಯಾಂಕ್ ಲೋನಿಗೆ ಬೇಕಂತೆ" ಎಂದು ಓದದೆ ಸಹಿ ಮಾಡಿದರು. ಈಗ ತಾವೇ ಕಟ್ಟಿಸಿದ ಮನೆಯ ಜಗಲಿಯಲ್ಲಿ ಮಲಗುತ್ತಾರೆ. 2007ರಲ್ಲಿ ಬಂದ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ನಿಮಗಿದೆ. ಉಪವಿಭಾಗಾಧಿಕಾರಿ ಅಂದರೆ ಎ.ಸಿ. ಸಾಹೇಬರ ಮುಂದೆ ಅರ್ಜಿ ಹಾಕಬಹುದು. "ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು" ಎಂಬ ಶರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ವಾಪಸ್ ಪಡೆಯಲೂ ಅದೇ ಕಾಯ್ದೆಯಲ್ಲಿ ದಾರಿ ಇದೆ. ಆದರೆ ಆ ಶರತ್ತು ಪತ್ರದಲ್ಲೇ ಬರೆದಿರಲಿ. ಬಾಯಿಮಾತಿನ ಶರತ್ತನ್ನು ಸಾಬೀತು ಮಾಡುವುದು ಬಹಳ ಕಷ್ಟ.

ತಿಂಗಳಿಗೆ ಎಷ್ಟು ಬೇಕು?

ಆ ದಿನದ ಸಭೆಯಲ್ಲೇ ಒಂದು ಲೆಕ್ಕ ಹಾಕಿದೆವು. ಒಬ್ಬ ಹೆಂಗಸು, ಸ್ವಂತ ಮನೆ, ರೇಷನ್ ಅಕ್ಕಿ ಸಿಗುತ್ತದೆ, ಬಸ್ಸಿಗೆ ದುಡ್ಡಿಲ್ಲ (2023ರಿಂದ ಶಕ್ತಿ ಯೋಜನೆ). ಉಳಿದ ದಿನಸಿಗೆ 1,500. ಮೀನು, ತರಕಾರಿ, ಹಾಲಿಗೆ 1,200. ಬಿ.ಪಿ., ಶುಗರ್ ಮಾತ್ರೆಗೆ 600. ಗ್ಯಾಸು, ಮೊಬೈಲಿಗೆ 500. ಮದುವೆ, ತೊಟ್ಟಿಲು, ಸಾವಿನ ಮನೆ ಎಂದು 300. ಒಟ್ಟು 4,100 ಎಂದು ಬರೆದೆ. ಆಗ ಆ ಅತ್ತೆ, "ಎಲೆಅಡಿಕೆ ಬರೀಲಿಲ್ಲ" ಎಂದರು. ಅದಕ್ಕೆ 200. ಹಾಗೆ 4,300 ಆಯಿತು. ಆಸ್ಪತ್ರೆ ಸೇರಿದರೆ ಆಗುವ ಖರ್ಚು ಇದರಲ್ಲಿಲ್ಲ.

ಇದು ಇವತ್ತಿನ ಲೆಕ್ಕ. ನಿಮ್ಮ ವಯಸ್ಸು 36 ಆದರೆ ಅರುವತ್ತಕ್ಕೆ ಇನ್ನೂ 24 ವರ್ಷ ಇದೆ. ಬೆಲೆ ಏರುತ್ತಲೇ ಇರುತ್ತದೆ. ಒಂದು ಸುಲಭ ಸೂತ್ರ ಕಲಿಯಿರಿ: 72ನ್ನು ಬಡ್ಡಿಯ ಅಥವಾ ಬೆಲೆ ಏರಿಕೆಯ ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಎರಡು ಪಟ್ಟಾಗುತ್ತದೆ ಎಂದು ಸಿಗುತ್ತದೆ. ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷಕ್ಕೆ ದುಪ್ಪಟ್ಟು, 24 ವರ್ಷಕ್ಕೆ ನಾಲ್ಕು ಪಟ್ಟು. ಇವತ್ತಿನ 4,300 ಆಗ 17,200! ಸಭೆಯಲ್ಲಿ ಈ ಸಂಖ್ಯೆ ಬರೆದಾಗ ಕೆಲವರು "ಹಾಗಾದರೆ ಆಗುವ ಮಾತಲ್ಲ, ಬಿಡಿ" ಎಂದು ಎದ್ದೇ ಬಿಟ್ಟರು. ಕೂರಿ. ಕೂಲಿಯೂ ಏರುತ್ತದೆ, ಉಳಿತಾಯವೂ ಏರಬಹುದು. ಪೂರ್ತಿ ಮೊತ್ತ ಒಂದೇ ಕಡೆಯಿಂದ ಬರಬೇಕೆಂದೂ ಇಲ್ಲ. ಸ್ವಲ್ಪ ಪಿಂಚಣಿ, ಸ್ವಲ್ಪ ಬಡ್ಡಿ, ಹಿತ್ತಿಲ ತೆಂಗು, ಮಕ್ಕಳ ಪಾಲು ಎಲ್ಲ ಸೇರಿ ಆಗಬೇಕಾದದ್ದು. ಆದರೆ ಒಂದು ಪಾಠವನ್ನು ಮರೆಯಬಾರದು: ದಿಂಬಿನಡಿ, ಅಕ್ಕಿ ಡಬ್ಬದೊಳಗೆ ಇಟ್ಟ ಹಣ ಅಲ್ಲೇ ಇದ್ದುಕೊಂಡು ಕರಗುತ್ತದೆ.

ಬೇಗ ಸುರು ಮಾಡಿದರೆ ಏನಾಗುತ್ತದೆ ನೋಡಿ. ತಿಂಗಳಿಗೆ 500 ರೂಪಾಯಿ, ಶೇ. 7 ಬಡ್ಡಿ ಎಂದಿಟ್ಟುಕೊಳ್ಳಿ. 10 ವರ್ಷ ಕಟ್ಟಿದರೆ ನೀವು ಹಾಕಿದ್ದು 60,000, ಕೈಗೆ ಬರುವುದು ಸುಮಾರು 86,000. 20 ವರ್ಷ ಕಟ್ಟಿದರೆ ಹಾಕಿದ್ದು 1,20,000, ಬರುವುದು ಸುಮಾರು 2,60,000. 30 ವರ್ಷ ಕಟ್ಟಿದರೆ ಹಾಕಿದ್ದು 1,80,000, ಬರುವುದು ಸುಮಾರು 6,10,000. ಕೊನೆಯ ಹತ್ತು ವರ್ಷದಲ್ಲಿ ನೀವು ಸೇರಿಸಿದ್ದು ಬರೀ 60,000, ಹಣ ಬೆಳೆದದ್ದು ಮೂರೂವರೆ ಲಕ್ಷ. ಬಡ್ಡಿಯ ಮೇಲೆ ಬಡ್ಡಿ ಎಂದರೆ ಇದು. ಸಾಲ ಮಾಡಿದಾಗ ಇದು ನಮ್ಮನ್ನು ತಿನ್ನುತ್ತದೆ, ಉಳಿಸಿದಾಗ ನಮಗೆ ದುಡಿಯುತ್ತದೆ.

ಹಾಗಾಗಿಯೇ ದುಬಾರಿ ಸಾಲ ಇದ್ದವರು ಮೊದಲು ಅದನ್ನು ತೀರಿಸಿ. ಶೇ. 24ರ ಮೈಕ್ರೋಫೈನಾನ್ಸ್ ಸಾಲ 10,000 ಇಟ್ಟುಕೊಂಡು, ಶೇ. 7ಕ್ಕೆ 10,000 ಠೇವಣಿ ಇಟ್ಟರೆ ವರ್ಷಕ್ಕೆ 700 ಬರುತ್ತದೆ, 2,400 ಹೋಗುತ್ತದೆ. ವಸೂಲಿಗೆ ಮನೆ ಬಾಗಿಲಿಗೆ ಬಂದು ಪೀಡಿಸುವುದನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದು ಒಳ್ಳೆಯದು. ಆದರೆ ನೋಂದಾಯಿತ ಸಂಸ್ಥೆಯಿಂದ ಪಡೆದ ಸಾಲದ ಬಡ್ಡಿ ಅದರಿಂದ ಮನ್ನಾ ಆಗುವುದಿಲ್ಲ.

ಸಂಘದ ಉಳಿತಾಯ ಸಾಲದೇ?

ಸಾಲದು. ಈ ಮಾತು ಹೇಳಲು ನನಗೆ ಕಷ್ಟ, ಯಾಕೆಂದರೆ ಹತ್ತು ರೂಪಾಯಿಯಿಂದ ಸುರು ಮಾಡಿಸಿದವರಲ್ಲಿ ನಾನೂ ಒಬ್ಬಳು. ವಾರಕ್ಕೆ 50ರಂತೆ 15 ವರ್ಷ ಕಟ್ಟಿದರೂ ಅದು 39,000. ಅದರ ಕೆಲಸವೂ ಬೇರೆ: ಆ ಹಣ ಸಾಲವಾಗಿ ತಿರುಗುತ್ತಿರಬೇಕು, ಹೆರಿಗೆಗೆ, ಗೊಬ್ಬರಕ್ಕೆ, ಶಾಲೆಗೆ ಆಗಬೇಕು. ಒಂದು ಸಂಘ ಹದಿನಾಲ್ಕು ವರ್ಷ ನಡೆದು, ಜಗಳವಾಗಿ ಮುಚ್ಚಿದಾಗ ಪಾಲು ಹಂಚಿದೆವು. ಹೆಚ್ಚಿನವರ ಪಾಲು ಮಾಡಿನ ಹಂಚಿಗೆ, ಮಗಳ ಬಾಣಂತನಕ್ಕೆ ಆ ತಿಂಗಳಲ್ಲೇ ಮುಗಿಯಿತು. ಉಳಿಸಲು ಕಲಿಸಿದ ನಾವು ಯಾವುದಕ್ಕಾಗಿ ಉಳಿಸುವುದು ಎಂದು ಕೇಳಿರಲಿಲ್ಲ. ಮುಪ್ಪಿನ ಹಣಕ್ಕೆ ಬೇರೆಯೇ ಖಾತೆ ಬೇಕು, ಸುಲಭಕ್ಕೆ ಕೈಗೆ ಸಿಗದಂಥದ್ದು.

ನಲ್ವತ್ತರೊಳಗಿನವರಿಗೆ

ನಿಮ್ಮ ಬಾಗಿಲು ಇನ್ನೂ ತೆರೆದಿದೆ. ಅಟಲ್ ಪಿಂಚಣಿ ಯೋಜನೆ 2015ರಲ್ಲಿ ಬಂತು. 18ರಿಂದ 40 ವರ್ಷದೊಳಗಿನವರು, ಬ್ಯಾಂಕ್ ಅಥವಾ ಅಂಚೆ ಉಳಿತಾಯ ಖಾತೆ ಇರುವವರು ಸೇರಬಹುದು. 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಕಟ್ಟುವವರಿಗೆ ಮಾತ್ರ ಇಲ್ಲ. 60 ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ, ನೀವು ಆರಿಸಿಕೊಂಡಷ್ಟು ಪಿಂಚಣಿ. ಇದಕ್ಕೆ ಸರ್ಕಾರದ ಖಾತರಿ ಇದೆ. ನಿಮ್ಮ ನಂತರ ಅಷ್ಟೇ ಪಿಂಚಣಿ ಗಂಡನಿಗೆ. ಇಬ್ಬರ ನಂತರ ಕೂಡಿದ ಮೊತ್ತ ನಾಮಿನಿಗೆ, 1,000ದ ಪಿಂಚಣಿಗೆ 1.7 ಲಕ್ಷ, 5,000ದ್ದಕ್ಕೆ 8.5 ಲಕ್ಷ.

ಕಂತು ಎಷ್ಟು? ವಯಸ್ಸಿನ ಮೇಲೆ ಹೋಗುತ್ತದೆ. 1,000 ರೂಪಾಯಿ ಪಿಂಚಣಿಗೆ 18ರ ಹುಡುಗಿ ತಿಂಗಳಿಗೆ 42 ಕಟ್ಟಬೇಕು, 30ರವರು 116, 40ರವರು 291. ಒಟ್ಟು ಲೆಕ್ಕ ಮಾಡಿ ನೋಡಿ: 18ರವಳು 42 ವರ್ಷದಲ್ಲಿ ಕಟ್ಟುವುದು 21,168. ನಲ್ವತ್ತರವರು 20 ವರ್ಷದಲ್ಲಿ ಕಟ್ಟುವುದು 69,840. ಸಿಗುವ ಪಿಂಚಣಿ ಒಂದೇ! ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳ ಹೆಸರಿನಲ್ಲಿ ನಾಳೆಯೇ ಮಾಡಿಸಿ. 30ರವರು 5,000ದ ಪಿಂಚಣಿ ಬೇಕೆಂದರೆ ತಿಂಗಳಿಗೆ 577. ಬರೀ 1,000ದ್ದನ್ನು ಆರಿಸಬೇಡಿ ಎಂದು ನನ್ನ ಸಲಹೆ. ಬೆಲೆ ಶೇ. 6ರಂತೆ ಏರಿದರೆ ಮೂವತ್ತು ವರ್ಷದ ನಂತರದ ಸಾವಿರ ರೂಪಾಯಿಯಿಂದ ಇವತ್ತಿನ ಸುಮಾರು 175 ರೂಪಾಯಿಯ ಸಾಮಾನು ಬಂದೀತು, ಅಷ್ಟೆ. ಕೈಲಾದಷ್ಟು ದೊಡ್ಡದನ್ನೇ ಆರಿಸಿ. ಖಾತೆಯಲ್ಲಿ ಕಂತಿನ ದಿನ ಹಣ ಇರುವಂತೆ ನೋಡಿಕೊಳ್ಳಿ, ಇಲ್ಲವಾದರೆ ದಂಡ ಬೀಳುತ್ತದೆ.

ಇನ್ನೊಂದು, 2019ರಲ್ಲಿ ಬಂದ ಪ್ರಧಾನ ಮಂತ್ರಿ ಶ್ರಮಯೋಗಿ ಮಾನ್‌ಧನ್. ತಿಂಗಳಿಗೆ 15,000ದೊಳಗೆ ಆದಾಯ ಇರುವ ಅಸಂಘಟಿತ ಕಾರ್ಮಿಕರಿಗೆ. ನೀವು ಕಟ್ಟಿದಷ್ಟೇ ಹಣ ಕೇಂದ್ರ ಸರ್ಕಾರವೂ ಹಾಕುತ್ತದೆ. 18ರವರಿಗೆ 55, 29ರವರಿಗೆ 100, 40ರವರಿಗೆ 200, ಪಿಂಚಣಿ 3,000. ಕಂತು ಕಡಿಮೆ, ಆದರೆ ನಿಮ್ಮ ನಂತರ ಗಂಡನಿಗೆ ಅರ್ಧ ಮಾತ್ರ, ಆಮೇಲೆ ಮಕ್ಕಳಿಗೆ ಏನೂ ಬರುವುದಿಲ್ಲ. ಪಿ.ಎಫ್. ಅಥವಾ ಇ.ಎಸ್.ಐ. ಇರುವವರು ಇದಕ್ಕೆ ಸೇರುವಂತಿಲ್ಲ. ಅಂದರೆ ಪಿ.ಎಫ್. ಇರುವ ಬೀಡಿ ಸದಸ್ಯೆಯರಿಗೆ ಅಟಲ್ ಪಿಂಚಣಿ ಆಗುತ್ತದೆ, ಇದು ಆಗುವುದಿಲ್ಲ. ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ.

ಈ ವಿಷಯದಲ್ಲಿ ನನ್ನಿಂದಲೇ ಒಂದು ತಪ್ಪಾಗಿದೆ. ಒಬ್ಬ ಸದಸ್ಯೆ ಅಟಲ್ ಪಿಂಚಣಿಗೆ ಸೇರಬೇಕೆಂದಿದ್ದರು. "ಮಗಳ ಮದುವೆಯ ಸಾಲ ಉಂಟಲ್ಲ, ಅದು ಮುಗಿಯಲಿ, ನಿನಗಿನ್ನೂ ಮೂವತ್ತೆಂಟು" ಎಂದು ನಾನೇ ಹೇಳಿದೆ. ಮರುವರ್ಷ ಬ್ಯಾಂಕಿಗೆ ಹೋದರೆ ಆಧಾರ್ ಕಾರ್ಡಿನ ಪ್ರಕಾರ ಅವರಿಗೆ 42. ಕಾರ್ಡು ಮಾಡಿಸುವ ದಿನ ಅಂದಾಜಿಗೆ ಬರೆಸಿದ ವರ್ಷ! ಶಾಲೆಯ ದಾಖಲೆ ಹುಡುಕಲು ಓಡಾಡಿದೆವು. ಆ ಶಾಲೆಯೇ ಮುಚ್ಚಿತ್ತು. ಕೊನೆಗೂ ಆಗಲಿಲ್ಲ. ಮೊದಲ ವರ್ಷವೇ ಕಾರ್ಡು ನೋಡಿದ್ದರೆ ದಾಖಲೆ ಹುಡುಕಲು ಸಮಯವಾದರೂ ಇರುತ್ತಿತ್ತು. ನೀವು ಇವತ್ತೇ ನಿಮ್ಮ ಆಧಾರ್ ತೆಗೆದು ಹುಟ್ಟಿದ ತಾರೀಖು ನೋಡಿ. ಜನವರಿ 1 ಎಂದಿದ್ದರೆ ಅದು ಅಂದಾಜಿನದ್ದೇ ಇರಬೇಕು. ತಿದ್ದಲು ಸಾಮಾನ್ಯವಾಗಿ ಒಮ್ಮೆ ಮಾತ್ರ ಅವಕಾಶ, ಹಾಗಾಗಿ ಸರಿಯಾದ ದಾಖಲೆ ಹಿಡಿದುಕೊಂಡೇ ಹೋಗಿ.

ಪಿ.ಎಫ್. ಇರುವ ಅಕ್ಕಂದಿರಿಗೆ

ಬ್ರಾಂಚಿಗೆ ಬೀಡಿ ಕೊಡುವ ನಿಮ್ಮ ಕೂಲಿಯಲ್ಲಿ ಶೇ. 10 ಪಿ.ಎಫ್.ಗೆ ಹೋಗುತ್ತದೆ, ಮಾಲೀಕರೂ ಅಷ್ಟೇ ಹಾಕಬೇಕು. ಮಾಲೀಕರ ಪಾಲಿನಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಇದು ಅನೇಕರಿಗೆ ಗೊತ್ತೇ ಇಲ್ಲ. 10 ವರ್ಷ ಸೇವೆ ಆಗಿದ್ದರೆ 58ರ ನಂತರ ತಿಂಗಳ ಪಿಂಚಣಿ ಸಿಗುತ್ತದೆ. 2014ರ ಸೆಪ್ಟೆಂಬರ್‌ನಿಂದ ಕನಿಷ್ಠ ಪಿಂಚಣಿಯನ್ನು 1,000 ಎಂದು ನಿಗದಿ ಮಾಡಿದರು. ಅದು ಸಾಲದು ಎಂದು ಪಿಂಚಣಿದಾರರು ವರ್ಷಗಳಿಂದ ಕೇಳುತ್ತಿರುವುದು ನ್ಯಾಯವೇ ಆಗಿದೆ. ಆದರೂ ಸಾಯುವವರೆಗೆ ಬರುವ ಸಾವಿರ ಅದು.

ಎಂಟು ವರ್ಷ, ಒಂಬತ್ತು ವರ್ಷ ಆದವರು ಕೆಲಸ ಬಿಟ್ಟಾಗ ಪಿಂಚಣಿಯ ಹಣವನ್ನೂ ಸೇರಿಸಿ ತೆಗೆದುಬಿಡುತ್ತಾರೆ. ಹಾಗೆ ತೆಗೆದರೆ ಅಷ್ಟು ವರ್ಷದ ಸೇವೆ ಅಳಿಸಿಹೋಗುತ್ತದೆ. ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಮುಂದೆ ಪಿ.ಎಫ್. ಇರುವ ಬೇರೆ ಕೆಲಸಕ್ಕೆ ಸೇರಿದರೆ ಹಳೆಯ ವರ್ಷಗಳು ಕೂಡಿಕೊಳ್ಳುತ್ತವೆ. ಗೇರುಬೀಜದ ಕಾರ್ಖಾನೆ, ಗಾರ್ಮೆಂಟ್ಸ್ ಯಾವುದಾದರೂ ಆಗಬಹುದು.

ಗಾರ್ಮೆಂಟ್ಸ್ ಎಂದಾಗ 2016ರ ಏಪ್ರಿಲ್ ನೆನಪಾಗುತ್ತದೆ. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58ರವರೆಗೆ ಮುಟ್ಟುವಂತಿಲ್ಲ ಎಂಬ ನಿಯಮ ಬಂದಾಗ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆಯಿತು. ಮುಪ್ಪಿನ ಹಣ ಮುಪ್ಪಿಗೇ ಇರಲಿ ಎಂಬುದು ಪುಸ್ತಕದಲ್ಲಿ ಸರಿ. ಆದರೆ ನಲ್ವತ್ತಕ್ಕೇ ಕೆಲಸದಿಂದ ಹೊರಬೀಳುವವಳಿಗೆ, ಮಗುವಿನ ಫೀಸಿಗೆ ಬೇರೆ ದಾರಿ ಇಲ್ಲದವಳಿಗೆ, ಹದಿನೆಂಟು ವರ್ಷ ಕಾಯಿರಿ ಎಂದರೆ ಅವಳು ಕೇಳುವಳೇ? ಅವರದು ತಪ್ಪು ಎಂದು ನಾನು ಹೇಳುವುದಿಲ್ಲ. ಕಷ್ಟಕ್ಕೆಂದು ಬೇರೆ ಸ್ವಲ್ಪ ಹಣ ಇದ್ದರೆ ಪಿ.ಎಫ್. ಮುಟ್ಟುವ ಪ್ರಸಂಗ ಕಡಿಮೆಯಾಗುತ್ತದೆ. ನಮ್ಮ ಸಂಘದ ಸಾಲ ಇರಬೇಕಾದದ್ದು ಅದಕ್ಕೇ. ಪಿ.ಎಫ್. ತೆಗೆಯುವ ನಿಯಮಗಳು ಆಗಾಗ ಬದಲಾಗಿವೆ, ಏಜೆಂಟರನ್ನು ಕೇಳಬೇಡಿ, ಕಚೇರಿಯಲ್ಲೇ ಕೇಳಿ.

ನಲ್ವತ್ತು ದಾಟಿದವರಿಗೆ

"ಹಾಗಾದರೆ ನಮ್ಮ ಕತೆ ಮುಗಿಯಿತಾ?" ಮುಗಿಯಲಿಲ್ಲ. ಅಂಚೆ ಕಚೇರಿ ಇದೆ. ಆರ್.ಡಿ. ತಿಂಗಳಿಗೆ 100ರಿಂದ ಸುರು, 5 ವರ್ಷದ್ದು. ಶೇ. 6.7 ಬಡ್ಡಿಯಂತೆ 500 ಕಟ್ಟಿದರೆ ಹಾಕಿದ 30,000ಕ್ಕೆ ಸುಮಾರು 35,600 ಬರುತ್ತದೆ. ಗೃಹಲಕ್ಷ್ಮಿಯ 2,000 ಬಂದಾಗ ಅದರಲ್ಲಿ 500 ತೆಗೆದು ಆರ್.ಡಿ.ಗೆ ಹಾಕುವವರು ನಮ್ಮಲ್ಲಿದ್ದಾರೆ. ಆ ಹಣ ತಡವಾಗಿ ಬರುವ ತಿಂಗಳೂ ಉಂಟು, ಅದಕ್ಕೆ ಒಂದೆರಡು ಕಂತು ಮೊದಲೇ ತೆಗೆದಿಡಿ.

ಪಿ.ಪಿ.ಎಫ್. ಖಾತೆಯನ್ನು ನಮ್ಮವರು ಅಧಿಕಾರಿಗಳ ವಸ್ತು ಎಂದುಕೊಂಡಿದ್ದಾರೆ. ವರ್ಷಕ್ಕೆ 500 ಹಾಕಿದರೂ ಅದು ನಡೆಯುತ್ತದೆ. 15 ವರ್ಷದ್ದು, 2020ರ ಏಪ್ರಿಲ್‌ನಲ್ಲಿ ಶೇ. 7.1 ಬಡ್ಡಿ ಆಯಿತು (ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ). ಇದರ ದೊಡ್ಡ ಗುಣ ಎಂದರೆ ಸುಲಭಕ್ಕೆ ತೆಗೆಯಲಾಗುವುದಿಲ್ಲ, ಮೇಲಾಗಿ ಸಾಲದ ಡಿಕ್ರಿಗೆ ಕೋರ್ಟು ಅದನ್ನು ಜಪ್ತಿ ಮಾಡುವಂತಿಲ್ಲ. 45ರಲ್ಲಿ ಸುರು ಮಾಡಿದರೆ 60ಕ್ಕೆ ಸರಿಯಾಗಿ ಕೈಗೆ ಬರುತ್ತದೆ.

60 ದಾಟಿದ ಮೇಲೆ ಒಟ್ಟಿಗೆ ಹಣ ಬಂದರೆ, ಅಂದರೆ ಪಿ.ಎಫ್. ಬಂತು, ಜಾಗ ಮಾರಿತು ಎಂದಾದರೆ, ಹಿರಿಯ ನಾಗರಿಕರ ಉಳಿತಾಯ ಯೋಜನೆ ಒಳ್ಳೆಯದು. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಸಿಗುತ್ತದೆ. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ. 8.2 ಆಯಿತು. ಸೇರಿದ ದಿನದ ದರ 5 ವರ್ಷ ಬದಲಾಗುವುದಿಲ್ಲ. ಆ ದರದಲ್ಲಿ ಒಂದು ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 2,050 ಬರುತ್ತದೆ. ಮಹಿಳಾ ಸಮ್ಮಾನ್ ಪತ್ರದ ಬಗ್ಗೆ ಕೆಲವರು ಈಗಲೂ ಕೇಳುತ್ತಾರೆ. 2025ರ ಮಾರ್ಚ್ 31ರ ನಂತರ ಅದರಲ್ಲಿ ಹೊಸ ಖಾತೆ ಇಲ್ಲ. 65 ದಾಟಿದ ಬಡವರಿಗೆ ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆ 2007ರಿಂದ ಇದೆ, ತಿಂಗಳಿಗೆ 1,200. ಆದಾಯದ ಮಿತಿ ಉಂಟು, ಅರ್ಜಿ ನಾಡಕಚೇರಿಯಲ್ಲಿ.

ಚಿನ್ನ, ಚೀಟಿ, ಪಾಲಿಸಿ

ಚಿನ್ನವನ್ನು ಬೇಡ ಎಂದರೆ ನೀವು ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ. ಕಷ್ಟಕ್ಕೆ ಒಂದೇ ಗಂಟೆಯಲ್ಲಿ ಅಡವಿಟ್ಟು ಹಣ ತರಬಹುದಾದ ವಸ್ತು ಅದು. ಆದರೆ ಮುಪ್ಪಿಗೆಂದೇ ಇಡುವುದಾದರೆ ಹಾಲ್‌ಮಾರ್ಕ್ ಇರುವ ನಾಣ್ಯ ತಗೊಳ್ಳಿ. ನೆಕ್ಲೆಸ್ ಮಾರುವಾಗ ಮಜೂರಿ ವಾಪಸ್ ಬರುವುದಿಲ್ಲ. ಮತ್ತೆ ನಿಜ ಹೇಳಿ, ಅತ್ತೆಯ ಎಷ್ಟು ಸರ ಮುಪ್ಪಿನವರೆಗೆ ಉಳಿದಿದೆ? ಮಗಳ ಮದುವೆಗೆ ಹೋಗುತ್ತದೆ, ಸೊಸೆಗೆ ಹೋಗುತ್ತದೆ.

ಚೀಟಿ ಕಟ್ಟುವವರು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ್ದಾ ಎಂದು ನೋಡಿ. ರಾಜ್ಯ ಸರ್ಕಾರದ ಎಂ.ಎಸ್.ಐ.ಎಲ್. ಕೂಡ ಚೀಟಿ ನಡೆಸುತ್ತದೆ. ಪಕ್ಕದ ಮನೆಯಲ್ಲಿ ನಡೆಯುವ ಚೀಟಿಯಲ್ಲಿ ಹಣ ಹೋದರೆ ಹಣದ ಜೊತೆ ನೆರೆಮನೆಯೂ ಹೋಗುತ್ತದೆ.

ವಿಮೆ ಮತ್ತು ಉಳಿತಾಯವನ್ನು ಕಲಸಬೇಡಿ. ಸದಸ್ಯೆಯರು ತೋರಿಸಿದ ಉಳಿತಾಯ ಪಾಲಿಸಿಗಳನ್ನು ಕೂತು ಲೆಕ್ಕ ಹಾಕಿದಾಗ ಹೆಚ್ಚಿನವು ವರ್ಷಕ್ಕೆ ಶೇ. 5-6ರಷ್ಟೇ ಕೊಡುತ್ತಿದ್ದವು. ಎರಡು ಮೂರು ಕಂತು ಕಟ್ಟಿ ಬಿಟ್ಟವರಿಗೆ ಅಸಲಿನಲ್ಲೇ ನಷ್ಟ. ಜೀವಕ್ಕೆ ರಕ್ಷಣೆ ಬೇಕೆಂದರೆ ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ ವಿಮೆ (50 ವರ್ಷದೊಳಗೆ ಸೇರಬೇಕು), 20 ರೂಪಾಯಿಯ ಸುರಕ್ಷಾ ಅಪಘಾತ ವಿಮೆ ಬ್ಯಾಂಕಿನಲ್ಲೇ ಇವೆ. ಎರಡರಲ್ಲೂ 2 ಲಕ್ಷ.

ಮ್ಯೂಚುವಲ್ ಫಂಡ್ ಬಗ್ಗೆ ಈಗಿನ ಹುಡುಗಿಯರು ಕೇಳುತ್ತಾರೆ. ಹದಿನೈದು ಇಪ್ಪತ್ತು ವರ್ಷ ಕಾಯುವವರಿಗೆ, ಮಧ್ಯದಲ್ಲಿ ಮೂರನೇ ಒಂದು ಭಾಗ ಇಳಿದರೂ ನಿದ್ದೆ ಮಾಡಬಲ್ಲವರಿಗೆ ಅದು ಬೆಲೆ ಏರಿಕೆಯನ್ನು ದಾಟುವ ಒಂದು ದಾರಿ. ಪಿಂಚಣಿಯ ಕಂತು, ಆರ್.ಡಿ. ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ಮಾತ್ರ ಅದರ ಮೇಲಿನ ಸ್ವಲ್ಪ ಹಣ ಹಾಕಿ. ಐವತ್ತೈದರವರು ಹಾಕಬೇಡಿ.

ಎಲ್ಲಿ ಇಡಬಾರದು

ಮುಪ್ಪಿನ ಹಣಕ್ಕೆ ದೊಡ್ಡ ಶತ್ರು ಹೆಚ್ಚು ಬಡ್ಡಿಯ ಆಸೆ. ಬೆಂಗಳೂರಿನ ಐ.ಎಂ.ಎ. ಎಂಬ ಕಂಪನಿ ಯಾವ ಬ್ಯಾಂಕೂ ಕೊಡಲಾಗದಷ್ಟು ಲಾಭ ಕೊಡುತ್ತೇವೆಂದು ಸಾವಿರಾರು ಕುಟುಂಬಗಳಿಂದ ಹಣ, ಒಡವೆ ಸಂಗ್ರಹಿಸಿ 2019ರ ಜೂನ್‌ನಲ್ಲಿ ಕುಸಿಯಿತು. ಅದರಲ್ಲಿ ಕೂಡಿಟ್ಟ ಹಣ ಕಳೆದುಕೊಂಡ ಹೆಂಗಸರು ಎಷ್ಟೋ ಮಂದಿ. ಅದು ಬ್ಯಾಂಕೇ ಅಲ್ಲ ಎನ್ನುವಿರಾ? 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಿಂದ ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಠೇವಣಿ ಇಟ್ಟವರಲ್ಲಿ ನಿವೃತ್ತರೇ ಬಹಳ. ಓದಿದವರು, ಲೆಕ್ಕ ಬಲ್ಲವರು. ಒಂದೆರಡು ಶೇಕಡಾ ಹೆಚ್ಚಿನ ಬಡ್ಡಿಗಾಗಿ ಇದ್ದಬದ್ದದ್ದನ್ನೆಲ್ಲ ಒಂದೇ ಕಡೆ ಇಟ್ಟಿದ್ದರು.

ಅದೇ ವರ್ಷ ಫೆಬ್ರವರಿ 4ರಿಂದ ಬ್ಯಾಂಕ್ ಠೇವಣಿಯ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಅಂದರೆ ಬ್ಯಾಂಕು ಮುಳುಗಿದರೂ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ ಐದು ಲಕ್ಷದವರೆಗೆ ಸಿಗುತ್ತದೆ. ಸಹಕಾರಿ ಬ್ಯಾಂಕುಗಳಿಗೂ ಇದು ಇದೆ. ಆದರೆ ನಮ್ಮ ಪೇಟೆಗಳಲ್ಲಿ ಮೂಲೆಗೊಂದು ಇರುವ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದವಕ್ಕೆ ಈ ವಿಮೆ ಇಲ್ಲ. ಅವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವಂಥವು ಬೇಕಾದಷ್ಟಿವೆ, ನಮ್ಮವರೇ ನಿರ್ದೇಶಕರಿರುವಂಥವೂ ಇವೆ. ನಿರ್ದೇಶಕರು ನಮ್ಮ ಪರಿಚಯದವರು ಎಂಬುದು ವಿಮೆ ಅಲ್ಲ. ಅಲ್ಲಿ ಖಾತೆ ಇರಲಿ, ಮುಪ್ಪಿನ ಹಣ ಪೂರ್ತಿ ಅಲ್ಲಿ ಬೇಡ.

ಯಾರಾದರೂ ಹೊಸ ಯೋಜನೆ ತಂದರೆ ಮೂರು ಮಾತು ಕೇಳಿ: ಇದಕ್ಕೆ ಯಾರ ಪರವಾನಗಿ? ನಾಳೆ ಬೇಕೆಂದರೆ ಎಷ್ಟು ವಾಪಸ್? ನೀವು ತಂದದ್ದಕ್ಕೆ ನಿಮಗೆಷ್ಟು ಕಮಿಷನ್? ಮೂರನೆಯದಕ್ಕೆ ಕೋಪ ಬಂದರೆ ಚಹಾ ಕೊಟ್ಟು ಕಳಿಸಿ.

ಕಾಗದಪತ್ರ

ಖಾತೆ ನಿಮ್ಮ ಹೆಸರಲ್ಲಿರಲಿ, ಫೋನ್ ನಂಬರೂ ನಿಮ್ಮದೇ ಇರಲಿ. ಎಷ್ಟೋ ಖಾತೆಗೆ ಮಗನ ನಂಬರು, ಓ.ಟಿ.ಪಿ. ಅವನಿಗೆ ಹೋಗುತ್ತದೆ. ನಾಮಿನಿ ಹಾಕಿಸಿ, ಸತ್ತುಹೋದ ಗಂಡನ ಹೆಸರೇ ನಾಮಿನಿಯಾಗಿ ಉಳಿದಿದ್ದರೆ ಬದಲಿಸಿ. 2025ರ ನವೆಂಬರ್‌ನಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಆಧಾರ್, ಬ್ಯಾಂಕು, ಪಿ.ಎಫ್. ಮೂರರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯೇ ನೋಡಿ. ತವರಿನ ಹೆಸರು ಒಂದರಲ್ಲಿ, ಗಂಡನ ಮನೆತನದ ಹೆಸರು ಇನ್ನೊಂದರಲ್ಲಿ ಇದ್ದು, ಪಿಂಚಣಿ ವರ್ಷಗಟ್ಟಲೆ ನಿಂತ ಪ್ರಕರಣ ನಮ್ಮ ಕಚೇರಿಗೆ ಬಂದಿದೆ.

ಸಭೆಯಲ್ಲಿ ಚರ್ಚಿಸಲು

ನಿಮ್ಮ ಊರಿನಲ್ಲಿ ಸ್ವಂತ ಆದಾಯ ಇರುವ ಒಬ್ಬ ಹಿರಿಯ ಹೆಂಗಸು, ಇಲ್ಲದ ಒಬ್ಬರು, ಇವರ ದಿನಗಳಲ್ಲಿ ಏನು ವ್ಯತ್ಯಾಸ? (ಹೆಸರು ಹೇಳಬೇಡಿ.)

ನಿಮಗೆ 60 ಆಗಲು ಇನ್ನೆಷ್ಟು ವರ್ಷ? ಇವತ್ತಿನ ನಿಮ್ಮ ತಿಂಗಳ ಖರ್ಚು ಆಗ ಎಷ್ಟಾಗುತ್ತದೆ? 72ರ ಸೂತ್ರದಲ್ಲಿ ಲೆಕ್ಕ ಹಾಕಿ.

ಸಂಘದಲ್ಲಿ 40 ತುಂಬದವರು ಎಷ್ಟು ಮಂದಿ? ಯಾರಿಗೆ ಪಿಂಚಣಿ ಇದೆ, ಯಾರಿಗಿಲ್ಲ?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಪಿ.ಎಫ್. ಚೀಟಿ, ಇರುವ ಪಾಲಿಸಿಗಳನ್ನೆಲ್ಲ ತನ್ನಿ. ಓದಲು ಬಾರದವರ ಪಕ್ಕದಲ್ಲಿ ಓದಬಲ್ಲವರು ಕೂತುಕೊಳ್ಳಿ. 39, 40ರ ಅಂಚಿನಲ್ಲಿರುವವರ ಹೆಸರನ್ನು ಪ್ರತಿನಿಧಿ ಮೊದಲು ಬರೆದುಕೊಳ್ಳಲಿ. ಅವರನ್ನು ಅದೇ ವಾರ ಬ್ಯಾಂಕಿಗೆ ಕರೆದುಕೊಂಡು ಹೋಗಬೇಕು.